ಅಣ್ಣನ ಹದಿನಾಲ್ಕು ಆ್ಯಪ್‌ಗಳು ಮತ್ತು ಅವ್ವನ ಒಂದು ಹಾದಿ

ನಮ್ಮ ಅಣ್ಣನ ಫೋನಿನಲ್ಲಿ ಹದಿನಾಲ್ಕು ಆ್ಯಪ್‌ಗಳಿದ್ದವು. ಹದಿನಾಲ್ಕೂ ಗುಡ್ಡ ಹತ್ತುವ ಸೈಕಲ್ ಸವಾರರಿಗಾಗಿ ಮಾಡಿದವು. ಗುಡ್ಡ ಎಷ್ಟು ಎತ್ತರ, ಗಾಳಿ ಯಾವ ಕಡೆಯಿಂದ, ಚೈನಿಗೆ ಎಣ್ಣೆ ಯಾವಾಗ, ಹೊತ್ತು ಮುಳುಗುವುದು ಎಷ್ಟಕ್ಕೆ, ಎಲ್ಲವನ್ನೂ ಆ ಫೋನು ಹೇಳುತ್ತಿತ್ತು. ಆದರೆ ಅದರಿಂದ ಇನ್ನೊಬ್ಬರಿಗೆ ಫೋನ್ ಮಾಡುವುದು ಹೇಗೆ ಎಂಬುದೊಂದು ಮಾತ್ರ ಅವನಿಗೆ ಕೊನೆಯವರೆಗೂ ಒಲಿಯಲಿಲ್ಲ. ಬಂದ ಫೋನನ್ನು ಎತ್ತುತ್ತಿದ್ದ. ತಾನಾಗಿ ಮಾಡಲು ಹೋದರೆ ನಾಳೆಯ ಹವಾಮಾನ ತೆರೆದುಕೊಳ್ಳುತ್ತಿತ್ತು. ಹಾಗಾಗಿ ತಂಗಿಯ ಜೊತೆ ಎರಡು ಮಾತಾಡಬೇಕೆನಿಸಿದರೆ ಗೋಕಾಕ ಫಾಲ್ಸಿನಿಂದ ಗೋಕಾಕದವರೆಗೆ ಸೈಕಲ್ ತುಳಿದುಕೊಂಡೇ ಬಂದುಬಿಡುತ್ತಿದ್ದ!

ಆ ಶನಿವಾರವೂ ಹಾಗೆಯೇ ಬಂದ. ನಾನು ಕೋರ್ಟಿನ ಎದುರಿನ ಒಂದು ಝೆರಾಕ್ಸ್ ಅಂಗಡಿಯಲ್ಲಿ ಟೈಪಿಂಗ್ ಮಾಡುತ್ತೇನೆ. ಅರ್ಜಿ, ಅಫಿಡವಿಟ್, ಬಾಡಿಗೆ ಕರಾರು, ಇಂಥವೇ. ಓದಿದ್ದು ಹತ್ತನೆಯ ಇಯತ್ತೆ. ತಪ್ಪಿಲ್ಲದೆ ಬರೆಯಲು ಕಲಿತದ್ದು ವಕೀಲರ ಬೈಗುಳದಿಂದ. ಅಣ್ಣ ಬಂದನೆಂದರೆ ಅಂಗಡಿಯ ಮುಂದೆ ನಿಂತ ಕಕ್ಷಿದಾರರೆಲ್ಲ ತಮ್ಮ ವ್ಯಾಜ್ಯ ಮರೆತು ತಿರುಗಿ ನೋಡುತ್ತಿದ್ದರು. ತಲೆಗೆ ಮಂಕಿ ಟೋಪಿ, ಅದರ ಮೇಲೆ ಹೆಲ್ಮೆಟ್, ಕಣ್ಣಿಗೆ ಹಳದಿ ಕನ್ನಡಕ, ಪ್ಯಾಂಟಿನ ಕಾಲು ಚೈನಿಗೆ ಸಿಕ್ಕದಿರಲಿ ಎಂದು ಎರಡೂ ಕಡೆ ಅರಿವೆ ಒಣಹಾಕುವ ಕ್ಲಿಪ್ಪು. ವಯಸ್ಸು ಅರವತ್ತೊಂದು.

ಅಂದು ಅವನಿಗೊಂದು ಕೆಲಸವಿತ್ತು. ಫೋನಿನೊಳಗಿನ ನಕ್ಷೆ ಅವ್ವನ ಕಣ್ಣಿಗೆ ಕಾಣುವುದಿಲ್ಲ, ಕಾಗದದ ಮೇಲೆ ದೊಡ್ಡದಾಗಿ ಬೇಕು. ನನ್ನನ್ನು ಕೇಳಬಹುದಿತ್ತಲ್ಲ? ಕೇಳಲಿಲ್ಲ. ನಾನು ವಕೀಲರೊಬ್ಬರ ಜೊತೆ ಮಾತಿನಲ್ಲಿದ್ದಾಗ ಫೋನನ್ನು ಝೆರಾಕ್ಸ್ ಯಂತ್ರದ ಗಾಜಿನ ಮೇಲೆ ಬೋರಲು ಮಲಗಿಸಿ, ಮುಚ್ಚಳ ಹಾಕಿ, ಗುಂಡಿ ಒತ್ತಿಬಿಟ್ಟ. ಹೊರಗೆ ಬಂದದ್ದು ಒಂದು ಕಪ್ಪು ಹಾಳೆ. ಅದನ್ನು ಬೆಳಕಿಗೆ ಹಿಡಿದು ಗಂಭೀರವಾಗಿ ಹೇಳಿದ:

"ರಾತ್ರಿ ನಕಾಶೆ ಬಂದೈತಿ, ತಂಗಿ. ಹಗಲಿಂದು ತಗಿ."

ವಕೀಲರೇ ಮೊದಲು ನಕ್ಕರು. ಆಮೇಲೆ ನಾನು ಸರಿಯಾಗಿ ಮುದ್ರಿಸಿಕೊಟ್ಟೆ. ಇಬ್ಬರೂ ಗಿರ್ಮಿಟ್ ತಿಂದೆವು. ನನ್ನ ಸ್ಟೂಲಿನ ಅಲುಗಾಡುವ ಕಾಲನ್ನು ಜೇಬಿನಲ್ಲಿದ್ದ ಪಾನೆಯಿಂದ ಬಿಗಿ ಮಾಡಿದ. ಸಕ್ಕರೆ ಕಾಯಿಲೆಯವನಿಗೆ ಎರಡನೆಯ ಚಹಾ ಬೇಡ ಎಂದು ನಾನು. ತುಳಿದು ಬಂದದ್ದಕ್ಕೆ ಒಂದು ಚಹಾದಷ್ಟು ಶಕ್ತಿ ಖರ್ಚಾಗಿದೆ ಎಂದು ಆ್ಯಪ್ಪೇ ಹೇಳುತ್ತಿದೆ ಎಂದು ಅವನು. ಚಹಾ ಕುಡಿದೇ ಎದ್ದ. ಹೋಗುವಾಗ, ನಾಳೆ ಟಂಟಂ ರಿಕ್ಷಾದಲ್ಲಿ ಸೈಕಲ್ ಹಾಕಿಕೊಂಡು ಯಮಕನಮರಡಿಗೆ ಹೋಗಿ ಅಲ್ಲಿಂದ ಗುಡ್ಡದ ಮೇಲೆ ಹಾಯ್ದು ಬರುತ್ತೇನೆ ಎಂದ. ನಾನು ಹೂಂ ಎಂದೆ. ಕೈಯಲ್ಲಿ ಬಾಡಿಗೆ ಕರಾರು ಅರ್ಧ ಟೈಪಾಗಿತ್ತು. ಅಷ್ಟೇ. ಸಾಧಾರಣ ದಿನದಲ್ಲಿ ಅದಕ್ಕಿಂತ ಹೆಚ್ಚು ಏನಿರುತ್ತದೆ?

ಅರವತ್ತರ ಹತ್ತಿರ ಈ ಹುಚ್ಚು ಹೇಗೆ ಹತ್ತಿತು ಎಂದು ಕೇಳಿದವರಿಗೆಲ್ಲ ನಾನು, ಹಲ್ಲುನೋವಿನಿಂದ ಎನ್ನುತ್ತೇನೆ. ಅಣ್ಣ ಫಾಲ್ಸಿನ ಬಟ್ಟೆ ಮಿಲ್ಲಿನಲ್ಲಿ ಫಿಟ್ಟರ್ ಆಗಿದ್ದವನು. ನಿವೃತ್ತನಾದ ಮೂರನೆಯ ತಿಂಗಳಿಗೆ ದವಡೆ ಹಲ್ಲು ಕಾಡಿತು. ನಮ್ಮ ಅಂಗಡಿಯ ಓಣಿಯಲ್ಲೇ ಒಬ್ಬ ಹಲ್ಲಿನ ಡಾಕ್ಟರ್ ಇದ್ದಾರೆ. ಮೂವತ್ತೈದರ ವಯಸ್ಸು, ಭಾನುವಾರ ಬಂತೆಂದರೆ ನಾಲ್ಕು ಗೆಳೆಯರನ್ನು ಕಟ್ಟಿಕೊಂಡು ಗುಡ್ಡದಲ್ಲಿ ಸೈಕಲ್ ಹೊಡೆಯುವ ಆಸಾಮಿ. ದವಾಖಾನೆಯ ಮೂಲೆಯಲ್ಲಿ ಅವರ ಹಳೆಯ ಗೇರಿನ ಸೈಕಲ್ ಕೆಟ್ಟು ನಿಂತಿತ್ತು. ಬಾಯಿ ತೆರೆದು ಕುರ್ಚಿಯಲ್ಲಿ ಒರಗಿದ್ದ ಅಣ್ಣನ ಕಣ್ಣು ಅದರ ಮೇಲೆ ಬಿತ್ತು. ಗೇರಿನ ತಂತಿ ತಪ್ಪು ಹಾಕಿದ್ದಾರೆ ಎಂದು ಹೇಳೋಣವೆಂದರೆ ಬಾಯ ತುಂಬ ಹತ್ತಿ! ಹತ್ತಿ ಉಗುಳಿ ಎದ್ದವನು ಒಂದು ತಾಸು ನೆಲದ ಮೇಲೆ ಕೂತು ಸೈಕಲ್ ಬಿಚ್ಚಿ ಜೋಡಿಸಿದ. ಡಾಕ್ಟರಿಗೆ ಎಷ್ಟು ಖುಷಿಯಾಯಿತೆಂದರೆ, ಇನ್ನು ಮೇಲೆ ಇದು ನಿಮ್ಮದೇ ಕಾಕಾ ಎಂದುಬಿಟ್ಟರು. ಹಲ್ಲು ಕೀಳಿಸಲು ಹೋದವನು ಸೈಕಲ್ ಹತ್ತಿ ಮನೆಗೆ ಬಂದ. ಹಲ್ಲು ಬಾಯಲ್ಲೇ ಇತ್ತು.

ಆ್ಯಪ್ ಹಾಕಿಕೊಟ್ಟದ್ದೂ ಅದೇ ಡಾಕ್ಟರು. ಗುಡ್ಡದಲ್ಲಿ ಇಂಟರ್‌ನೆಟ್ ಸಿಗುವುದಿಲ್ಲ, ಅದಿಲ್ಲದೆಯೂ ತೆರೆಯುವ ನಕ್ಷೆ ಬೇಕು ಎಂದು ಒಂದು. ಹೋದ ಹಾದಿಯನ್ನೆಲ್ಲ ಆ ನಕ್ಷೆಯ ಮೇಲೆ ಗೆರೆಯಾಗಿ ಬರೆದಿಡುವುದು ಇನ್ನೊಂದು. ಸವಾರ ಬಿದ್ದರೆ ಫೋನು ತಾನೇ ತಿಳಿದುಕೊಂಡು ಮನೆಯವರಿಗೆ ಸುದ್ದಿ ಮುಟ್ಟಿಸುವುದು ಮತ್ತೊಂದು. ಡಾಕ್ಟರು ಮೂರಕ್ಕೆ ನಿಲ್ಲಿಸಿದ್ದರು. ಉಳಿದ ಹನ್ನೊಂದನ್ನು ಅಣ್ಣ ಸ್ವಂತ ಬುದ್ಧಿಯಿಂದ ಸಂಪಾದಿಸಿದ.

ಆದರೆ ಖುಷಿಗಾಗಿ ಮಾತ್ರ ಒಬ್ಬ ಮನುಷ್ಯ ಮೂರು ವರ್ಷ ಮುಳ್ಳುಕಂಟಿಯಲ್ಲಿ ಸುತ್ತುವುದಿಲ್ಲ. ಗೆರೆ ಬರೆಯುವ ಆ್ಯಪನ್ನು ನೋಡಿದ ದಿನವೇ ಅವನ ತಲೆಯೊಳಗೆ ಅವ್ವನ ಹಾದಿ ಹೊಕ್ಕಿತ್ತು. ಅದನ್ನು ಹೇಳದೆ ಮುಂದೆ ಹೋಗುವಂತಿಲ್ಲ.

ಅಣ್ಣ ಹತ್ತು ತಿಂಗಳ ಕೂಸಾಗಿದ್ದಾಗ ಅವ್ವ ಅವನನ್ನು ಎತ್ತಿಕೊಂಡು ತವರಿಗೆ, ಯಮಕನಮರಡಿಗೆ ಹೋಗಿದ್ದಳು. ಮಳೆಗಾಲ. ಕೂಸಿಗೆ ಜ್ವರ ಬಂದು ಮೂರು ದಿನ ಇಳಿಯಲಿಲ್ಲ. ಹಳ್ಳಗಳು ತುಂಬಿ ಬಸ್ಸುಗಳು ನಿಂತಿದ್ದವು. ತವರಿನ ಗಂಡಸರು ನೀರು ಇಳಿಯಲಿ ಎಂದು ಕಾಯುತ್ತ ಕೂತರು. ಅವ್ವ ಕಾಯಲಿಲ್ಲ. ನಸುಕಿನಲ್ಲಿ ಕೂಸನ್ನು ಸೆರಗಿನಿಂದ ಎದೆಗೆ ಕಟ್ಟಿಕೊಂಡು, ಚಿಕ್ಕಂದಿನಲ್ಲಿ ತನ್ನ ಅಜ್ಜಿಯ ಜೊತೆ ಬೆಣ್ಣೆ ಮಾರಲು ಬರುತ್ತಿದ್ದ ಗುಡ್ಡದ ಕಾಲುಹಾದಿ ಹಿಡಿದಳು. ದೀಪ ಹಚ್ಚುವ ಹೊತ್ತಿಗೆ ಫಾಲ್ಸಿನ ಮಿಲ್ಲಿನ ದವಾಖಾನೆಯ ಬಾಗಿಲಲ್ಲಿ ನಿಂತಿದ್ದಳು. ಯಾಕವ್ವ ಹಾಗೆ ಮಾಡಿದೆ ಎಂದರೆ ಈಗಲೂ ಅವಳದು ಒಂದೇ ಉತ್ತರ.

"ನನಗ ಗೊತ್ತಿದ್ದ ಡಾಕ್ಟರ ಒಬ್ಬನ. ಗೊತ್ತಿದ್ದ ಹಾದಿ ಒಂದ."

ಕೂಸು ಬದುಕಿತು. ಆದರೆ ಅವ್ವನ ಮಾತು ಬದುಕಲಿಲ್ಲ. ಮಳೆಯಲ್ಲಿ ಒಬ್ಬ ಹೆಂಗಸು ಕೂಸು ಹೊತ್ತು ಅಷ್ಟು ದೂರವನ್ನು ಒಂದೇ ದಿನದಲ್ಲಿ ನಡೆಯುವುದು ಸಾಧ್ಯವೇ ಇಲ್ಲ, ಯಾರದೋ ಲಾರಿ ಹತ್ತಿ ಬಂದಿದ್ದಾಳೆ, ಹೇಳಲು ನಾಚಿಕೆ ಎಂದಳು ನಮ್ಮ ಅಜ್ಜಿ, ಅಪ್ಪನ ತಾಯಿ. ಬಸ್ಸೇ ನಿಂತ ಮೇಲೆ ಲಾರಿ ಎಲ್ಲಿಂದ ಬಂತು ಎಂದು ಯಾರೂ ಕೇಳಲಿಲ್ಲ. ಅಪ್ಪ ಸಿಟ್ಟು ಮಾಡಲಿಲ್ಲ, ನಂಬಲೂ ಇಲ್ಲ; ನಗೆಯಾಗಿ ಮಾಡಿಕೊಂಡ. ಅಜ್ಜಿ ಹೋದಳು, ಅಪ್ಪ ಹೋದ, ಆ ನಗೆ ಮಾತ್ರ ಉಳಿಯಿತು. ಇಂದಿಗೂ ಮದುವೆ ಮನೆಗಳಲ್ಲಿ ನಮ್ಮ ಬೀಗರು ಅವ್ವನಿಗೆ 'ಲಾರಿ ಅತ್ತಿ' ಎನ್ನುತ್ತಾರೆ. ಅವ್ವನೂ ಅವರ ಜೊತೆ ನಗುತ್ತಾಳೆ. ಅಣ್ಣ ಒಬ್ಬನೇ ನಗುತ್ತಿರಲಿಲ್ಲ. ಹೇಗೆ ನಕ್ಕಾನು? ಆ ಲಾರಿಯಲ್ಲಿ ಬಂದ ಸಾಮಾನು ಅವನೇ ಅಲ್ಲವೇ!

ಹೀಗೆ ಶುರುವಾಯಿತು ಶೋಧ. ಆಕಾಶದಿಂದ ತೆಗೆದ ನಕ್ಷೆಯನ್ನು ಅವ್ವನ ಮುಂದೆ ಹಿಡಿದು, ಎಲ್ಲಿಂದ ಬಂದೆ ತೋರಿಸು ಎಂದ. ಎಂಬತ್ತು ದಾಟಿದ ಅವ್ವ ಫೋನನ್ನು ಕಣ್ಣಿನ ಹತ್ತಿರ ಹಿಡಿದಳು, ದೂರ ಹಿಡಿದಳು, ಹಿಂದಿರುಗಿಸಿದಳು.

"ತಮ್ಮಾ, ಇದು ಹದ್ದಿನ ಹಾದಿ. ನಾ ನೆಲದ ಮ್ಯಾಲೆ ಬಂದಾಕಿ."

ಆಮೇಲೆ ಅವಳು ನೆಲದ ಗುರುತುಗಳನ್ನು ಹೇಳತೊಡಗಿದಳು. ಜೋಡಿ ಬನ್ನಿ ಗಿಡ. ಕೈಯಿಂದ ಮೊಗೆಯುವಷ್ಟು ನೀರಿರುವ ಬಂಡೆಯ ಕುಳಿ. ಮಲಗಿದ ಎಮ್ಮೆಯಂಥ ಕಲ್ಲು. ಅಣ್ಣ ಒಂದೊಂದನ್ನೇ ಹುಡುಕಿ, ಸಿಕ್ಕ ಜಾಗದಲ್ಲಿ ಆ್ಯಪಿನಲ್ಲಿ ಚುಕ್ಕೆ ಇಟ್ಟು, ಅವ್ವನ ಮಾತಿನಲ್ಲೇ ಹೆಸರು ಬರೆದ. ಆ ನಕ್ಷೆ ಎಲ್ಲರಿಗೂ ಕಾಣುವಂಥದ್ದು. ಸ್ವಲ್ಪ ದಿನಕ್ಕೆ ಹುಕ್ಕೇರಿ ಕಡೆಯ ಸವಾರರೂ ಅದನ್ನು ನೋಡಿಕೊಂಡು ಬರತೊಡಗಿದರು. ಒಂದು ಭಾನುವಾರ ಡಾಕ್ಟರ ಗೆಳೆಯನೊಬ್ಬ ಗುಡ್ಡದಿಂದ ಫೋನ್ ಮಾಡಿ, ಮಲಗಿದ ಎಮ್ಮೆಯಿಂದ ಬಲಕ್ಕೆ ಹೋಗಬೇಕೋ ಎಡಕ್ಕೋ ಎಂದು ಕೇಳಿದ. ಬಲಕ್ಕೆ ಎಂದ ಅಣ್ಣ. ಅರ್ಧ ತಾಸಿಗೆ ಮತ್ತೆ ಫೋನು:

"ಕಾಕಾ, ಎಮ್ಮಿ ಎದ್ದು ಹೊಂಟೈತ್ರಿ. ಈಗೇನ್ ಮಾಡೂದು?"

ಅದು ಯಾರದೋ ಮೇಯಲು ಬಿಟ್ಟ ಎಮ್ಮೆ! ಕಲ್ಲಿನ ಎಮ್ಮೆ ಇನ್ನೂ ಮುಂದಿತ್ತು. ಅಂದಿನಿಂದ ಅಣ್ಣ ನಕ್ಷೆಯಲ್ಲಿ ತಿದ್ದುಪಡಿ ಹಾಕಿದ: 'ಮಲಗಿದ ಎಮ್ಮೆ (ಏಳುವುದಿಲ್ಲ)'.

ದಾರಿ ಹೇಳುವ ಆ್ಯಪೊಂದು ಹೆಣ್ಣು ದನಿಯಲ್ಲಿ ಮಾತಾಡುತ್ತಿತ್ತು. ಮುಂದೆ ಎಡಕ್ಕೆ ತಿರುಗಿ ಎಂದರೆ ಅಣ್ಣ ಹೂಂನ್ರಿ ಅಕ್ಕಾರ ಎಂದು ಉತ್ತರ ಕೊಟ್ಟೇ ತಿರುಗುತ್ತಿದ್ದ. ಕೇಳುವವರು ಯಾರೂ ಇಲ್ಲದ ರಸ್ತೆಯಲ್ಲಿಯೂ! ನಮ್ಮ ವೈನಿ, ಅವನ ಹೆಂಡತಿ, ಮೂವತ್ತೈದು ವರ್ಷದ ಸಂಸಾರವನ್ನು ಒಂದೇ ಮಾತಿನಲ್ಲಿ ಅಳೆದಿಟ್ಟಳು.

"ಆಕಿ ಒಮ್ಮೆ ಹೇಳಿದ್ರ ಹೊಳ್ಳತಾರ. ನಾ ಹತ್ತ ಸಲ ಒದರಿದ್ರೂ ಹೊಳ್ಳಂಗಿಲ್ಲ."

ಚೈನು ಸವೆಯಿತು, ಬ್ರೇಕು ಬದಲಿಸು ಎಂದು ನೆನಪು ಮಾಡುವ ಆ್ಯಪಿನದು ಬೇರೆಯೇ ಕಥೆ. ಮಗ್ಗದ ಸದ್ದಿನಿಂದಲೇ ರೋಗ ಹಿಡಿಯುತ್ತಿದ್ದ ಫಿಟ್ಟರಿಗೆ ಚೈನಿನ ಸುದ್ದಿ ಫೋನು ಹೇಳಬೇಕೇ? ಅವನಿಗೆ ಅವಮಾನವಾಯಿತು. ಆದರೆ ತೆಗೆದುಹಾಕಲೂ ಮನಸ್ಸಾಗಲಿಲ್ಲ. ಅದನ್ನು ಅವ್ವನ ಗುಳಿಗೆಗಳಿಗೆ ಹಚ್ಚಿದ. ತೊಡಕೇನೆಂದರೆ ಆ ಆ್ಯಪಿಗೆ ಸೈಕಲ್ಲಿನ ಭಾಗಗಳ ಹೆಸರು ಬಿಟ್ಟು ಬೇರೇನೂ ಗೊತ್ತಿಲ್ಲ. ಅವ್ವನ ಬೆಳಗಿನ ಬಿಪಿ ಗುಳಿಗೆ 'ಹಿಂದಿನ ಬ್ರೇಕ್' ಆಯಿತು, ಸಂಜೆಯ ಮಂಡಿನೋವಿನ ಗುಳಿಗೆ 'ಮುಂದಿನ ಗಾಲಿ'. ಫೋನು ಕಿಣಿಕಿಣಿ ಎಂದು 'ಹಿಂದಿನ ಬ್ರೇಕ್ ಪರೀಕ್ಷಿಸಿ' ಎಂದಾಗ ಮನೆಯಲ್ಲಿ ಯಾರಿದ್ದಾರೋ ಅವರು ಎದ್ದು ಅವ್ವನಿಗೆ ಗುಳಿಗೆ ಕೊಡಬೇಕು. ಒಮ್ಮೆ ಬೀಗರೊಬ್ಬರು ಬಂದಿದ್ದಾಗ ವೈನಿ ಒಳಗಿನಿಂದ ಕೂಗಿದಳು, ಅತ್ತಿಯವರ ಹಿಂದಿನ ಬ್ರೇಕ್ ಆತೇನ್ರಿ ಎಂದು. ಬೀಗರು ಚಹಾ ಬಿಟ್ಟು ಎದ್ದುಹೋದರು.

ಇಷ್ಟರ ನಡುವೆ ಗೆರೆ ಬೆಳೆಯುತ್ತಿತ್ತು. ಫಾಲ್ಸಿನ ಕಡೆಯಿಂದ ಒಂದು ತುಂಡು, ಬನ್ನಿ ಗಿಡಗಳವರೆಗೆ ಒಂದು, ಎಮ್ಮೆಯವರೆಗೆ ಒಂದು. ಒಂದು ಮಳೆಗಾಲ ಕಳೆಯಿತು, ಇನ್ನೊಂದು ಕಳೆಯಿತು.

ಮೂಡಲಗಿಯ ಪ್ರಕರಣ ನಡೆದದ್ದು ಆಗಲೇ. ಮೂಡಲಗಿಯಲ್ಲಿ ವೈನಿಯ ತಮ್ಮನ ಮೊಮ್ಮಗುವಿಗೆ ಹೆಸರಿಡುವ ಕಾರ್ಯ. ಎಲ್ಲರೂ ಬಸ್ಸಿನಲ್ಲಿ ಹೋದರೆ ಅಣ್ಣ ಸೈಕಲ್ಲಿನಲ್ಲಿ ಹೋದ. ಬರುವಾಗ ಎದುರುಗಾಳಿ, ಹೊಟ್ಟೆಯಲ್ಲಿ ಆರು ಹೋಳಿಗೆ. ಸೈಕಲ್ಲನ್ನು ಟಂಟಂನಲ್ಲಿ ಹಾಕಿ ತಾನೂ ಹತ್ತಿ ನಿದ್ದೆ ಮಾಡಿದ. ಗೆರೆ ಬರೆಯುವ ಆ್ಯಪ್ ಮಾತ್ರ ಎಚ್ಚರವಿದ್ದು, ವೇಗವನ್ನೂ ಬರೆದುಕೊಳ್ಳುತ್ತಿತ್ತು. ಆ ರಸ್ತೆಯ ಎಲ್ಲ ಸವಾರರ ದಾಖಲೆ ಮುರಿದು ಅಣ್ಣನನ್ನು ಮೊದಲ ಸ್ಥಾನಕ್ಕೆ ಏರಿಸಿಬಿಟ್ಟಿತು! ಅದುವರೆಗೆ ಮೊದಲಿದ್ದವರು ನಮ್ಮ ಡಾಕ್ಟರು. ಮರುದಿನ ಮುಖ ಸಣ್ಣದು ಮಾಡಿಕೊಂಡು ನನ್ನ ಅಂಗಡಿಗೆ ಬಂದರು. ಸುತ್ತಮುತ್ತ ನೋಡಿ ಮೆಲ್ಲಗೆ ಕೇಳಿದರು:

"ಅಕ್ಕಾರ, ಕಾಕಾ ಮನಿಯಾಗ ಏನ್ ತಿಂತಾರ್ರಿ?"

ಸಂಗತಿ ತಿಳಿದ ಅಣ್ಣನಿಗೆ ಅನ್ನ ಸೇರಲಿಲ್ಲ. ಅಳಿಸಿಬಿಡು ಎಂದೆ. ಅಳಿಸಿದರೆ ಕದ್ದು ಮುಚ್ಚಿಟ್ಟಂತೆ ಆಗುತ್ತದೆ, ನೋಡಿದವರಿಗೆ ಖರೆ ಗೊತ್ತಾಗಬೇಕು ಎಂದ. ಕೊನೆಗೆ ಏನು ಮಾಡಿಸಿದ ಗೊತ್ತೇ? ಅಫಿಡವಿಟ್! ಅದೂ ಛಾಪಾ ಕಾಗದದ ಮೇಲೆ. ನಾನೇ ಟೈಪ್ ಮಾಡಿದೆ. 'ಪ್ರಮಾಣಪೂರ್ವಕವಾಗಿ ಹೇಳುವುದೇನೆಂದರೆ, ಸದರಿ ದಿನದ ಸದರಿ ವೇಗವು ನನ್ನ ಕಾಲುಗಳದ್ದಾಗಿರದೆ ಟಂಟಂ ವಾಹನದ್ದಾಗಿರುತ್ತದೆ.' ವಕೀಲರು ನಗು ತಡೆದುಕೊಂಡು ಗುರುತಿನ ಸಹಿ ಹಾಕಿದರು. ಅದರ ಫೋಟೋ ತೆಗೆದು ಆ ಸವಾರಿಯ ಕೆಳಗೆ ಅಂಟಿಸಲಾಯಿತು. ಅದರ ಪ್ರತಿಗೆ ಡಾಕ್ಟರು ಕಟ್ಟು ಹಾಕಿಸಿ ದವಾಖಾನೆಯ ಗೋಡೆಗೆ ತೂಗುಹಾಕಿದ್ದಾರೆ. ಹಲ್ಲು ಕೀಳಿಸಲು ಹೆದರುವವರು ಅದನ್ನು ಓದಿ ಬಾಯಿ ತೆರೆಯುತ್ತಾರಂತೆ.

ಇಷ್ಟೆಲ್ಲ ಬೇಕಿತ್ತೇ ಎಂದು ನಾನು ಗೊಣಗಿದೆ. ಅಣ್ಣ ಕ್ಲಿಪ್ಪು ಸರಿಪಡಿಸಿಕೊಳ್ಳುತ್ತ ಹೇಳಿದ:

"ಸುಳ್ಳ ಗೆರಿ ಒಂದ ಉಳದ್ರ ಸಾಕು, ತಂಗಿ. ನಾಳಿ ಅವ್ವನ ಹಾದಿ ತೋರಿಸಿದ್ರ, ಇದೂ ಟಂಟಂ ಅಂತಾರ."



ಮೂರನೆಯ ವರ್ಷ ಯಮಕನಮರಡಿ ಕಡೆಯ ತುಂಡು ಸಿಕ್ಕಿತು. ಸಿಕ್ಕರೆ ದೀಡ ನಮಸ್ಕಾರ ಹಾಕುತ್ತೇನೆ ಎಂದು ಗುಡ್ಡದ ಬುಡದ ದುರ್ಗವ್ವನಿಗೆ ಅಣ್ಣ ಹರಕೆ ಹೊತ್ತಿದ್ದ. ಬಾವಿಯ ಬಳಿ ಒದ್ದೆ ಮೈಯಲ್ಲಿ ನೆಲಕ್ಕೆ ಉದ್ದಕ್ಕೂ ಬಿದ್ದು ನಮಸ್ಕಾರ ಮಾಡಬೇಕು. ಕೈ ಮುಟ್ಟಿದಲ್ಲಿಗೆ ಎದ್ದು ನಿಂತು ಮತ್ತೆ ಬೀಳಬೇಕು. ಹೀಗೆ ಗುಡಿಯ ಬಾಗಿಲವರೆಗೆ. ಮಾತಾಡುವಂತಿಲ್ಲ. ಅವನು ಹರಕೆಗೆ ಹೋದದ್ದು ಯಾವುದೋ ಒಂದು ಮಂಗಳವಾರ. ವೈನಿಗೆ ಬಿಟ್ಟು ಯಾರಿಗೂ ಹೇಳಿರಲಿಲ್ಲ. ಎಲ್ಲರೂ ಫೋನನ್ನು ದಂಡೆಯಲ್ಲಿ ಇಟ್ಟು ಹೋಗುತ್ತಾರೆ. ನಮ್ಮ ಅಣ್ಣ? ನಮಸ್ಕಾರದ ದೂರವೂ ದಾಖಲಾಗಲಿ ಎಂದು ಪ್ಲಾಸ್ಟಿಕ್ಕಿನಲ್ಲಿ ಸುತ್ತಿ ಸೊಂಟಕ್ಕೆ ಕಟ್ಟಿಕೊಂಡ!

ಬಿದ್ದವರ ಸುದ್ದಿ ಮುಟ್ಟಿಸುವ ಆ್ಯಪ್ ಇತ್ತಲ್ಲ, ಅದು ಪಾಪ, ಭಕ್ತಿ ಏನು ಬಲ್ಲದು? ಮನುಷ್ಯ ನೆಟ್ಟಗೆ ನೆಲಕ್ಕೆ ಬಿದ್ದಿದ್ದಾನೆ ಎಂದಷ್ಟೇ ಅದಕ್ಕೆ ಗೊತ್ತು. ನನಗೆ ಜಾಗದ ಗುರುತಿನ ಸಮೇತ ಸುದ್ದಿ ಬಂತು: ಸವಾರ ಬಿದ್ದಿದ್ದಾರೆ. ಅರ್ಧ ನಿಮಿಷಕ್ಕೆ ಮತ್ತೆ ಬಂತು: ಬಿದ್ದಿದ್ದಾರೆ.  ನಾನು ಅಂಗಡಿಯಿಂದ ಡಾಕ್ಟರ ಬಳಿಗೆ ಓಡುವಷ್ಟರಲ್ಲಿ ಅಣ್ಣ ಒಂಬತ್ತು ಸಲ ಬಿದ್ದಿದ್ದ. ಡಾಕ್ಟರು ಒಂದು ಹಲ್ಲನ್ನು ಅರ್ಧಕ್ಕೆ ಬಿಟ್ಟು ಆಂಬ್ಯುಲೆನ್ಸಿಗೆ ಫೋನ್ ಮಾಡಿದರು. ಅವರ ಕಾರಿನಲ್ಲಿ ನಾವು ಗುಡಿ ಮುಟ್ಟಿದಾಗ ಆಂಬ್ಯುಲೆನ್ಸಿನ ಇಬ್ಬರು ಸ್ಟ್ರೆಚರ್ ಹಿಡಿದು ಅಣ್ಣನ ಪಕ್ಕ ನಡೆಯುತ್ತಿದ್ದರು. ಅವನು ಬೀಳುತ್ತಾನೆ, ಅವರು ಬಗ್ಗಿ ಎತ್ತಲು ಹೋಗುತ್ತಾರೆ, ಅವನು ತಾನೇ ಎದ್ದು ಕೈಮುಗಿಯುತ್ತಾನೆ. ಮೌನ ಬೇರೆ! ಕಣ್ಣಿನಲ್ಲೇ ಏನೋ ಹೇಳುತ್ತಿದ್ದಾನೆ, ಯಾರಿಗೂ ತಿಳಿಯುವುದಿಲ್ಲ. ಕೊನೆಗೆ ಪೂಜಾರಿ ಅವರನ್ನು ಸಮಾಧಾನ ಮಾಡಿದರು.

"ಬಿಡ್ರಿ, ಇನ್ನ ನಾಕ ಅದಾವು. ಆಮ್ಯಾಲ ಬೇಕಾದ್ರ ಒಯ್ಯಿರಿ."

ಆಂಬ್ಯುಲೆನ್ಸಿನವರು ಪ್ರಸಾದ ತಿಂದು ಹೋದರು.

ಇಷ್ಟಾದ ಮೇಲೆ ಉಳಿದದ್ದು ಒಂದೇ ಜಾಗ. ಎರಡು ಗುಡ್ಡಗಳ ನಡುವೆ ಒಂದು ಆಳವಾದ ಕೊರಕಲು. ಅವ್ವ ಅದನ್ನು ಕತ್ತಲ ಹಳ್ಳ ಎನ್ನುತ್ತಾಳೆ; ಹಗಲಿನಲ್ಲೂ ಬಿಸಿಲು ಇಳಿಯದ ಜಾಗ. ಆ ಕಡೆಯ ಗೆರೆ ಅದರ ಅಂಚಿಗೆ ಬಂದು ನಿಂತಿತ್ತು. ಈ ಕಡೆಯ ಗೆರೆಯೂ ಅದರ ಅಂಚಿಗೆ ನಿಂತಿತ್ತು. ನಡುವೆ ಕಂಟಿ, ಬಂಡೆ, ಕಡಿದಾದ ಗೋಡೆ. ಅಣ್ಣ ಎಷ್ಟು ಸಲ ಇಳಿಯಲು ನೋಡಿ ಹಿಂದಿರುಗಿದನೋ ಲೆಕ್ಕವಿಲ್ಲ. ಇಲ್ಲಿಂದ ಇಳಿಯಲು ಬರುವುದಿಲ್ಲ ಎಂದಾದರೆ ಅವ್ವನ ಕಥೆ ಅಲ್ಲಿಗೇ ಮುರಿಯುತ್ತದೆ. ಲಾರಿಯೇ ಗೆಲ್ಲುತ್ತದೆ.

ಒಂದು ಸಂಜೆ ಅವನು ಅವ್ವನ ಕಾಲ ಬಳಿ ಕೂತು, ಕತ್ತಲ ಹಳ್ಳದಲ್ಲಿ ಏನಿತ್ತು, ಒಂದಾದರೂ ಗುರುತು ಹೇಳು ಎಂದು ಕೇಳಿದ. ನಾನೂ ಅಲ್ಲಿದ್ದೆ. ಮಿಕ್ಕ ಹಾದಿಯ ಕಲ್ಲುಕಲ್ಲನ್ನೂ ಹೇಳಿದ್ದ ಅವ್ವ ಇಲ್ಲ ಎಂದು ತಲೆಯಾಡಿಸಿದಳು.

"ಅಲ್ಲೆ ನಾ ಹಾದಿ ನೋಡಿಲ್ಲ, ತಮ್ಮಾ. ಅಲ್ಲೆ ಬರೂದ್ರಾಗ ನೀ ಅಳೂದು ನಿಂತಿತ್ತು. ನಿನ್ನ ಮಾರಿ ನೋಡಕೋತ ಇಳದೆ. ಕಾಲಿಗೆ ಏನ್ ಸಿಕ್ತು ಗೊತ್ತಿಲ್ಲ."

ಅಣ್ಣ ಎದ್ದು ಹೋಗಿ ಸೈಕಲ್ಲಿನ ಚೈನಿಗೆ ಎಣ್ಣೆ ಹಾಕಿದ. ಆ ದಿನ ಅದಕ್ಕೆ ಎಣ್ಣೆ ಬೇಕಿರಲಿಲ್ಲ.

ಇದಾದ ಎರಡು ವಾರಕ್ಕೆ, ಗಿರ್ಮಿಟ್ ತಿಂದು ಹೋದ ಶನಿವಾರದ ಮರುದಿನ, ಆ ಭಾನುವಾರ. ನಸುಕಿನಲ್ಲಿ ಟಂಟಂ ಹತ್ತಿ ಯಮಕನಮರಡಿಗೆ ಹೋದ. ಮಧ್ಯಾಹ್ನ ಎರಡರ ಸುಮಾರಿಗೆ ಮನೆ ಮುಟ್ಟಿದ. ಮೈಯೆಲ್ಲ ಮುಳ್ಳು ಗೀರಿತ್ತು, ಅಂಗಿಯ ತೋಳು ಹರಿದಿತ್ತು, ಮುಖ ಮಾತ್ರ ಭಾಳ ಖುಷಿಯಲ್ಲಿತ್ತು ಎನ್ನುತ್ತಾಳೆ ವೈನಿ. ಕಟ್ಟೆಯ ಮೇಲೆ ಕಂಬಕ್ಕೆ ಒರಗಿ ಕೂತ. ನೀರು ಬೇಕೇ ಎಂದು ಕೇಳಿದರೆ ಬೇಡ ಎಂದು ಕೈಯಾಡಿಸಿದ.

"ಅವ್ವನ್ನ ಕರಿ. ಆಕಿಗೆ ಒಂದ ಮಾತ ಹೇಳೂದೈತಿ."

ಅವ್ವ ಹಿತ್ತಲಲ್ಲಿದ್ದಳು. ಕೋಲು ಊರಿಕೊಂಡು ಬರಲು ಅವಳಿಗೆ ಹೊತ್ತು ಹಿಡಿಯುತ್ತದೆ. ಅವಳು ಬರುವಷ್ಟರಲ್ಲಿ ಅಣ್ಣ ಹಾಗೆಯೇ ಕೂತಿದ್ದ, ಒಂದು ಬೂಟು ಬಿಚ್ಚಿ, ಒಂದು ಬಿಚ್ಚದೆ. ನಿದ್ದೆ ಹತ್ತಿದೆ ಎಂದುಕೊಂಡು ಅವ್ವ ಮೊದಲು ತಲೆಯ ಮೇಲಿನ ಹೆಲ್ಮೆಟ್ ತೆಗೆದಳಂತೆ. ಹೃದಯ ನಿಂತಿತ್ತು. ನನಗೆ ಯಾವ ಆ್ಯಪಿನಿಂದಲೂ ಸುದ್ದಿ ಬರಲಿಲ್ಲ. ಅವನು ಬಿದ್ದಿರಲಿಲ್ಲವಲ್ಲ.

ಫೋನನ್ನು ವೈನಿ ಬಂದ್ ಮಾಡಲಿಲ್ಲ. ಅವ್ವನ ಗುಳಿಗೆಗಳು ಅದರಲ್ಲೇ ಇದ್ದವು. ಮಣ್ಣು ಮಾಡಿದ ಮರುದಿನ ಬೆಳಗ್ಗೆ, ಮನೆ ತುಂಬ ಜನ ಕೂತಿದ್ದಾಗ, ಅದು ಕಿಣಿಕಿಣಿ ಎಂದು ಹಿಂದಿನ ಬ್ರೇಕ್ ಪರೀಕ್ಷಿಸಲು ಹೇಳಿತು. ಯಾರೂ ನಗಲಿಲ್ಲ. ನಾನು ಎದ್ದು ಗುಳಿಗೆ ಕೊಟ್ಟೆ.

ಹನ್ನೆರಡನೆಯ ದಿನ ಡಾಕ್ಟರು ಬಂದರು. ನಾನು ಫೋನನ್ನು ಅವರ ಕೈಗೆ ಕೊಟ್ಟು, ಆ ಭಾನುವಾರದ್ದು ಏನಾದರೂ ಇದೆಯೇ ನೋಡಿ ಎಂದೆ. ಗೆರೆ ಬರೆಯುವ ಆ್ಯಪ್ ತೆರೆದರೆ, ಸವಾರಿ ಮುಗಿಯಿತೇ, ಉಳಿಸಬೇಕೇ ಎಂದು ಅದು ಅಂದಿನಿಂದ ಕೇಳುತ್ತಲೇ ಕೂತಿತ್ತು. ಡಾಕ್ಟರು ನನ್ನ ಮುಖ ನೋಡಿದರು. ಉಳಿಸಿ ಎಂದೆ.

ಗೆರೆ ಮೂಡಿತು. ಯಮಕನಮರಡಿಯಿಂದ ಹೊರಟು, ಬಾಗಿ, ಬಳುಕಿ, ಕತ್ತಲ ಹಳ್ಳದ ಆ ಅಂಚಿಗೆ ಬಂದಿತ್ತು. ಅಲ್ಲಿ ನಿಂತಿರಲಿಲ್ಲ. ಈ ಅಂಚಿನಿಂದ ಮತ್ತೆ ಹೊರಟು ಎಮ್ಮೆ ಕಲ್ಲು, ಬನ್ನಿ ಗಿಡಗಳನ್ನು ಹಾಯ್ದು ನಮ್ಮ ಮನೆಯ ಕಟ್ಟೆಯವರೆಗೂ ಬಂದಿತ್ತು. ನಡುವೆ ಮಾತ್ರ, ಅಂಚಿನಿಂದ ಅಂಚಿಗೆ, ಸ್ಕೇಲ್ ಇಟ್ಟು ಎಳೆದಂಥ ಒಂದು ನೇರ ಗೆರೆ. ಅದೇನೆಂದು ಕೇಳಿದೆ. ಡಾಕ್ಟರು ಆ ಜಾಗವನ್ನು ದೊಡ್ಡದು ಮಾಡಿ ನೋಡಿದರು. ಕೊರಕಲಿನ ಆಳದಲ್ಲಿ ಫೋನಿಗೆ ಆಕಾಶ ಕಾಣುವುದಿಲ್ಲ, ತಾನೆಲ್ಲಿದ್ದೇನೆ ಎಂದು ಅದಕ್ಕೆ ತಿಳಿಯುವುದಿಲ್ಲ, ಮತ್ತೆ ಮೇಲೆ ಬಂದಾಗ ಎರಡು ತುದಿಗಳನ್ನು ನೇರವಾಗಿ ಕೂಡಿಸಿಬಿಡುತ್ತದೆ ಎಂದರು.

"ಕಾಕಾ ದಾಟ್ಯಾರ್ರಿ ಅಕ್ಕಾರ. ಇಳದಾರ, ಹತ್ಯಾರ. ಎಲ್ಲಿಂದ ಅನ್ನೂದು ಇದಕ್ಕ ಗೊತ್ತಿಲ್ಲ."

ಅವ್ವ ಪಕ್ಕದಲ್ಲೇ ಕೂತಿದ್ದಳು. ಡಾಕ್ಟರ ಮಾತನ್ನು ನಾನು ಅವಳ ಕಿವಿಯ ಹತ್ತಿರ ಇನ್ನೊಮ್ಮೆ ಹೇಳಿದೆ. ಅವಳು ನಾನು ತೋರಿಸಿದ ಆ ನೇರ ಗೆರೆಯನ್ನು ಬೆರಳಿನಿಂದ ಒಮ್ಮೆ ಸವರಿದಳು.

"ಹಿಂಗ ನೆಟ್ಟಗ ಇರಲಿಲ್ಲ, ಖರೆ. ಆದರ ಇತ್ತು. ನನ್ನ ಮಗಾ ಬಂದ ನೋಡು."

ಲಾರಿಯ ಮಾತು ಅಂದಿಗೆ ಮುಗಿಯಿತು. ಬೀಗರಿಗೆ ನಾನು ಆ ನಕ್ಷೆ ಮುದ್ರಿಸಿ ತೋರಿಸಿದ್ದೇನೆ, ಯಾರೂ ಮರುಮಾತಾಡಿಲ್ಲ. ಡಾಕ್ಟರೂ ಅವರ ಗೆಳೆಯರೂ ಅಣ್ಣನ ಗೆರೆ ಹಿಡಿದು ಎರಡು ಸಲ ಕತ್ತಲ ಹಳ್ಳಕ್ಕೆ ಹೋಗಿ ಬಂದರು. ಇಳಿಯುವ ಜಾಗ ಅವರಿಗೆ ಸಿಗಲಿಲ್ಲ. ಅಲ್ಲಿನ ಹಾದಿಯನ್ನು ಅವ್ವ ನೋಡಿರಲಿಲ್ಲ, ಫೋನೂ ನೋಡಲಿಲ್ಲ. ನೋಡಿದವನು ಅಣ್ಣ ಒಬ್ಬನೇ. ಅವ್ವನನ್ನು ಕರೆಸಿ ಅವನು ಹೇಳಬೇಕೆಂದಿದ್ದ ಆ ಒಂದು ಮಾತು ನಮಗೆ ಸಿಕ್ಕಿಲ್ಲ.